ಮುಂದುವರಿದ ಭಾಗವಲ್ಲ, ಮೊದಲ ಕರಡು

ಸಂಪಾದಕರಿಗೆ,

ಮಾನ್ಯರೇ,

ಜನ ಮೆಚ್ಚಿದ ಕಾದಂಬರಿಗಳಿಗೆ ಅವುಗಳ ಲೇಖಕರೇ ಬರೆದ ಮುಂದಿನ ಭಾಗಗಳ ಬಗ್ಗೆ ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ಎರಡನೆಯ ಪುಸ್ತಕ ‘ಗೋ ಸೆಟ್ ಎ ವಾಚ್‌ಮನ್’ ಕುರಿತು ಅದರಲ್ಲಿ ಎರಡು ಮಾತುಗಳಿವೆ. ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಂದು 55 ವರ್ಷಗಳಾದ ಮೇಲೆ ಲೇಖಕಿ ಅದೇ ಕತೆಯನ್ನು ಮುಂದುವರಿಸಿದರು ಎಂಬುದು ಒಂದು. ಮೊದಲ ಪುಸ್ತಕವನ್ನು ಮೆಚ್ಚಿಕೊಂಡವರು ಎರಡನೆಯದನ್ನು ಮುಟ್ಟದಿರುವುದೇ ಲೇಸು ಎಂಬುದು ಇನ್ನೊಂದು. ಮೊದಲನೆಯ ಮಾತು ವಸ್ತುಸ್ಥಿತಿಗೆ ದೂರವಾದದ್ದು. ಎರಡನೆಯದು ಸಲಹೆಯಾದ್ದರಿಂದ ಅದನ್ನು ತಪ್ಪು ಎನ್ನಲಾಗದು. ಆದರೆ ಇದೇ ಸಲಹೆಯನ್ನು 2015ರಲ್ಲಿ ನನಗೂ ಒಬ್ಬರು ಕೊಟ್ಟಿದ್ದರು, ನಾನು ಕೇಳಲಿಲ್ಲ, ಕೇಳದೆ ಹೋದದ್ದು ಒಳ್ಳೆಯದೇ ಆಯಿತು ಎಂದು ಇಂದಿಗೂ ಅನ್ನಿಸುವುದರಿಂದ ಇಷ್ಟು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ ಎಂಬುದು ನನಗೆ ಗೊತ್ತು. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳಿಗೆ ಗಂಟೆ ಬಾರಿಸುವವರೆಗೆ ನಿಲ್ಲಿಸಿ ಅಭ್ಯಾಸವಿಲ್ಲ.

ಮೊದಲು ವಸ್ತುಸ್ಥಿತಿಯನ್ನು ಹೇಳಿಬಿಡುತ್ತೇನೆ. ‘ಮಾಕಿಂಗ್‌ಬರ್ಡ್’ ಪ್ರಕಟವಾದದ್ದು 1960ರ ಜುಲೈಯಲ್ಲಿ. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು, 1962ರಲ್ಲಿ ಗ್ರೆಗರಿ ಪೆಕ್ ನಟಿಸಿದ ಸಿನಿಮಾ ಬಂತು. ‘ವಾಚ್‌ಮನ್’ ಅಂಗಡಿಗೆ ಬಂದದ್ದು 2015ರ ಜುಲೈ 14ರಂದು. ಈ ಎರಡು ತಾರೀಕುಗಳನ್ನಷ್ಟೇ ನೋಡಿದವರಿಗೆ ಹಿಂದಿನದು ಯಾವುದು, ಮುಂದಿನದು ಯಾವುದು ಎಂಬ ಬಗ್ಗೆ ಸಂಶಯವೇ ಬರುವುದಿಲ್ಲ. ಬರೆದ ಕ್ರಮ ಮಾತ್ರ ಇದಕ್ಕೆ ತಿರುಗುಮುರುಗು. 1957ರಲ್ಲಿ ಲೀ ಪ್ರಕಾಶಕರ ಕೈಗೆ ಕೊಟ್ಟ ಹಸ್ತಪ್ರತಿಯೇ ‘ವಾಚ್‌ಮನ್’. ಅದನ್ನು ಓದಿದ ಸಂಪಾದಕಿ ಟೇ ಹೋಹಾಫ್, ನ್ಯೂಯಾರ್ಕಿನಿಂದ ರಜೆಗೆಂದು ಊರಿಗೆ ಬರುವ 26ರ ಪ್ರಾಯದ ಜೀನ್ ಲೂಯಿಸ್‌ಳ ಕತೆಯನ್ನು ಬದಿಗಿಟ್ಟು, ಅವಳ ಬಾಲ್ಯವನ್ನೇ ಮಗುವಿನ ಬಾಯಿಂದ ಹೇಳಿಸುವಂತೆ ಸೂಚಿಸಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ ತಿದ್ದಿ, ಹರಿದು, ಮತ್ತೆ ಬರೆದ ಮೇಲೆ ಹುಟ್ಟಿದ್ದು ಜಗತ್ತು ಓದಿದ ಆ ಮೊದಲ ಕಾದಂಬರಿ. ಮೂಲದ ಕಟ್ಟು ಹಾಗೆಯೇ ಉಳಿದು, ಲೇಖಕಿಗೆ 88 ವರ್ಷವಾಗಿದ್ದಾಗ, 2015ರ ಫೆಬ್ರುವರಿಯಲ್ಲಿ, ಅದನ್ನು ಪ್ರಕಟಿಸುವ ಸುದ್ದಿ ಹೊರಬಿತ್ತು. ಅವರ ಒಪ್ಪಿಗೆಯ ಬಗ್ಗೆ ಎದ್ದ ದೂರುಗಳನ್ನು ಅಲಬಾಮ ರಾಜ್ಯದ ಅಧಿಕಾರಿಗಳು ವಿಚಾರಿಸಿ, ಹುರುಳಿಲ್ಲವೆಂದು ಕೈಬಿಟ್ಟರು. ಮುಂದಿನ ವರ್ಷದ ಫೆಬ್ರುವರಿ 19ರಂದು ಹಾರ್ಪರ್ ಲೀ ತೀರಿಕೊಂಡರು.

ಪುಸ್ತಕದೊಳಗೇ ಇದಕ್ಕೆ ಸಾಕ್ಷ್ಯವಿದೆ. ಮೊದಲ ಕಾದಂಬರಿಯ ಬೆನ್ನೆಲುಬಾಗಿರುವ ಮೊಕದ್ದಮೆಯಲ್ಲಿ, ಮಾಡದ ಅತ್ಯಾಚಾರದ ಆರೋಪ ಹೊತ್ತ ಕರಿಯ ಯುವಕ ಟಾಮ್ ರಾಬಿನ್ಸನ್‌ಗೆ ಶಿಕ್ಷೆಯಾಗುತ್ತದೆ. ಆ ಸೋಲೇ ಇಡೀ ಪುಸ್ತಕದ ಜೀವ. ‘ವಾಚ್‌ಮನ್’ನಲ್ಲಿ ಅಂಥದೇ ಮೊಕದ್ದಮೆಯ ಪ್ರಸ್ತಾಪ ಕೆಲವೇ ಸಾಲುಗಳಲ್ಲಿ ಬಂದುಹೋಗುತ್ತದೆ, ಅಲ್ಲಿ ಆರೋಪಿ ಬಿಡುಗಡೆಯಾಗಿರುತ್ತಾನೆ. ಮುಂದುವರಿದ ಭಾಗವಾಗಿದ್ದರೆ ಹಿಂದಿನ ಭಾಗದ ತೀರ್ಪನ್ನೇ ಲೇಖಕಿ ಮರೆತರೆಂದು ಹೇಳಬೇಕಾಗುತ್ತದೆ. ಕತೆ ನಡೆಯುವ ಮೇಕೂಂಬ್ ಊರಿನ ಕೆಲವು ವರ್ಣನೆಗಳಂತೂ ಎರಡೂ ಪುಸ್ತಕಗಳಲ್ಲಿ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿವೆ. ಒಬ್ಬ ಬರಹಗಾರ್ತಿ ತನ್ನ ಕರಡಿನಿಂದ ಒಳ್ಳೆಯ ಸಾಲುಗಳನ್ನು ಎತ್ತಿ ಹೊಸ ಬರಹಕ್ಕೆ ಹಾಕಿಕೊಳ್ಳುವುದು ಸಹಜ. ಅಚ್ಚಾಗಿ ಮನೆಮಾತಾದ ಪುಸ್ತಕದಿಂದ ಸಾಲುಗಳನ್ನು ತೆಗೆದು ಅದರ ಮುಂದಿನ ಭಾಗಕ್ಕೆ ತುಂಬಿಸುವುದು ಎಲ್ಲಿಯೂ ಇಲ್ಲದ ಮಾತು.

ಈಗ ಸಲಹೆಯ ವಿಷಯ. 2015ರಲ್ಲಿ ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ‘ಮಾಕಿಂಗ್‌ಬರ್ಡ್’ ನಮಗೆ ಪಠ್ಯವಾಗಿರಲಿಲ್ಲ. ಆದರೂ ಶನಿವಾರ ತರಗತಿಗಳು ಮುಗಿದ ಮೇಲೆ ಉಳಿಯಲು ಒಪ್ಪಿದ ಹುಡುಗ ಹುಡುಗಿಯರಿಗೆ ವರ್ಷವರ್ಷವೂ ಅದನ್ನು ಓದಿಸುತ್ತಿದ್ದೆ. ಹಾಗೆ ಓದಿದವರಲ್ಲಿ ಒಬ್ಬ ಈಗ ಇಲ್ಲಿಯೇ ವಕೀಲ. ತಾನು ಕಾನೂನು ಓದಿದ್ದು ಆ ಪುಸ್ತಕದಲ್ಲಿ ಟಾಮ್ ರಾಬಿನ್ಸನ್ ಪರ ವಾದಿಸುವ, ಜೀನ್ ಲೂಯಿಸ್‌ಳ ಅಪ್ಪ ಆಟಿಕಸ್ ಫಿಂಚ್ ಎಂಬ ವಕೀಲನನ್ನು ನೋಡಿ ಎಂದು ಸಭೆಗಳಲ್ಲಿಯೂ ಹೇಳುತ್ತಾನೆ. ಹೊಸ ಪುಸ್ತಕವನ್ನು ನನಗಿಂತ ಮೊದಲು ತರಿಸಿಕೊಂಡು ಓದಿದ ಅವನು ಒಂದು ರಾತ್ರಿ ಫೋನು ಮಾಡಿ, “ಮೇಡಂ, ಓದಬೇಡಿ. ಆಟಿಕಸ್‌ನನ್ನು ಹಾಳು ಮಾಡಿಬಿಟ್ಟಿದ್ದಾರೆ” ಎಂದ. ಯಾರೋ ತೀರಿಕೊಂಡ ಸುದ್ದಿ ತಿಳಿಸುವ ದನಿ ಅದು. ಅಮೆರಿಕದಲ್ಲಿಯೂ ಅದೇ ಅಳಲು. ಅಲ್ಲಿ ಮತ್ತು ಕೆನಡಾದಲ್ಲಿ ಮೊದಲ ವಾರದಲ್ಲೇ 11 ಲಕ್ಷ ಪ್ರತಿಗಳು ಖರ್ಚಾದವು. ಮಿಷಿಗನ್ ರಾಜ್ಯದ ಒಂದು ಪುಸ್ತಕದಂಗಡಿಯವರು ಮಾತ್ರ, ಇದನ್ನು ಹೊಸ ಕಾದಂಬರಿಯೆಂದು ನಂಬಿ ಕೊಂಡವರಿಗೆ ಹಣ ವಾಪಸು ಕೊಟ್ಟರು.

ನನಗೆ ಪುಸ್ತಕ ಸಿಕ್ಕಿದ್ದು ಆಟಿ ತಿಂಗಳಲ್ಲಿ. ಮೊದಲ ಪುಸ್ತಕದ ನನ್ನ ಹಳೆಯ ಪ್ರತಿಯನ್ನೂ ಕಪಾಟಿನಿಂದ ತೆಗೆದೆ. ಅದರ ಬೆನ್ನಿಗೆ ಬೂಷ್ಟು ಹಿಡಿದಿತ್ತು, ಹಾಳೆಗಳಲ್ಲಿ ನುಸಿಗುಳಿಗೆಯ ವಾಸನೆ. ಅಂಚುಗಳಲ್ಲಿ ಮೂರು ದಶಕಗಳ ನನ್ನದೇ ಟಿಪ್ಪಣಿಗಳು, ಮೂರು ಬಣ್ಣದ ಶಾಯಿಯಲ್ಲಿ. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಎರಡು ದಿನ ಕರೆಂಟೂ ಸರಿಯಾಗಿರಲಿಲ್ಲವಾದ್ದರಿಂದ ಜಗಲಿಯ ಬೆಳಕಿನಲ್ಲಿಯೇ ‘ವಾಚ್‌ಮನ್’ ಓದಿ ಮುಗಿಸಿದೆ.

ಪುಸ್ತಕವಾಗಿ ಅದು ಒರಟು. ಸಂಭಾಷಣೆಗಳು ಭಾಷಣಗಳಾಗುತ್ತವೆ, ಜೀನ್ ಲೂಯಿಸ್‌ಳನ್ನು ಮದುವೆಯಾಗಬೇಕೆಂದಿರುವ ಹೆನ್ರಿ ಎಂಬವನು ಕೊನೆಯವರೆಗೂ ಕಾಗದದ ಮೇಲಿಂದ ಎದ್ದು ಬರುವುದಿಲ್ಲ, ಚಿಕ್ಕಪ್ಪ ಜ್ಯಾಕ್ ಉಪದೇಶ ಮಾಡುವ ಕೊನೆಯ ಅಧ್ಯಾಯಗಳನ್ನು ನನ್ನ ವಿದ್ಯಾರ್ಥಿಗಳು ಬರೆದು ತಂದಿದ್ದರೆ ಕೆಂಪು ಶಾಯಿ ಬಳಿಯುತ್ತಿದ್ದೆ. ಹೋಹಾಫ್ ಅವರ ತೀರ್ಮಾನ ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಈ ಪುಸ್ತಕಕ್ಕಿಂತ ಬೇರೆ ರುಜುವಾತು ಬೇಡ. ಆದರೂ ಎರಡು ಕಡೆ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ.

ಒಂದು, ಕೋರ್ಟಿನ ಮಾಳಿಗೆಯ ದೃಶ್ಯ. ಮೊದಲ ಪುಸ್ತಕದಲ್ಲಿ ಮಕ್ಕಳು ಕರಿಯರಿಗೆಂದು ಮೀಸಲಾದ ಮೇಲಂತಸ್ತಿನಲ್ಲಿ ಕೂತು ಅಪ್ಪನ ವಾದವನ್ನು ಕೇಳುತ್ತಾರೆ. ವಾದ ಸೋತು ಆಟಿಕಸ್ ಹೊರನಡೆಯುವಾಗ ಆ ಮಾಳಿಗೆಯ ಜನರೆಲ್ಲ ಎದ್ದು ನಿಲ್ಲುತ್ತಾರೆ. ಈ ಪುಟವನ್ನು ಗಟ್ಟಿಯಾಗಿ ಓದುವಾಗ ಮೂವತ್ತು ವರ್ಷವಾದರೂ ನನ್ನ ದನಿ ನೆಟ್ಟಗಿರುತ್ತಿರಲಿಲ್ಲ. ‘ವಾಚ್‌ಮನ್’ನಲ್ಲಿ ದೊಡ್ಡವಳಾದ ಮಗಳು ಅದೇ ಮಾಳಿಗೆ ಹತ್ತಿ, ಯಾರಿಗೂ ಕಾಣದಂತೆ ಕೂತು ಕೆಳಗೆ ನೋಡುತ್ತಾಳೆ. ಬಿಳಿಯರ ಮತ್ತು ಕರಿಯರ ಶಾಲೆಗಳನ್ನು ಬೇರೆಬೇರೆ ಇಡುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪಿತ್ತ ನಂತರ, ಅದನ್ನು ತಡೆಯಲು ದಕ್ಷಿಣದ ಊರೂರುಗಳಲ್ಲಿ ಹುಟ್ಟಿಕೊಂಡ ಬಿಳಿಯರ ಕೂಟಗಳಲ್ಲಿ ಒಂದರ ಸಭೆ ಕೆಳಗೆ ನಡೆಯುತ್ತಿದೆ. ಅಪ್ಪ ವೇದಿಕೆಯ ಬಳಿ ಕೂತಿದ್ದಾನೆ. ಭಾಷಣಕಾರ ವಿಷ ಕಾರುತ್ತಿದ್ದಾನೆ, ಅಪ್ಪ ತಡೆಯುವುದಿಲ್ಲ. ಲೇಖಕಿ ಬರೆದ ಕ್ರಮದಲ್ಲಿ ಈ ದೃಶ್ಯ ಮೊದಲು, ಜನ ಎದ್ದು ನಿಲ್ಲುವ ದೃಶ್ಯ ಆಮೇಲೆ. ಅಂದರೆ, ಅಪ್ಪನ ಮೇಲಿನ ಸಿಟ್ಟನ್ನು ಬರೆದು ಮುಗಿಸಿದ ಕೈಯೇ, ಬಳಿಕ, ಆ ಅಪ್ಪನನ್ನು ಮಗುವಿನ ಕಣ್ಣಿನಿಂದ ನೋಡಿತು. ಕ್ರಮ ಗೊತ್ತಿಲ್ಲದೆ ಓದಿದವರಿಗೆ ಇದು ಮುದಿವಯಸ್ಸಿನ ದ್ರೋಹ. ಗೊತ್ತಿದ್ದು ಓದಿದವರಿಗೆ ಕ್ಷಮೆಯಂತೆಯೂ ಕಾಣಬಹುದು, ಮರೆಮಾಚಿದಂತೆಯೂ ಕಾಣಬಹುದು. ಯಾವುದು ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಎರಡನೆಯದು ಕ್ಯಾಲ್‌ಪರ್ನಿಯಾಳ ಮನೆ. ಈಕೆ ಫಿಂಚ್ ಮನೆಯ ಅಡುಗೆಯ ಕರಿಯ ಹೆಂಗಸು, ತಾಯಿಯಿಲ್ಲದ ಮಕ್ಕಳನ್ನು ಸಾಕಿದವಳು. ಮಳೆಯ ದಿನಗಳಲ್ಲಿ ಹುಡುಗಿಯನ್ನು ಅಡುಗೆಮನೆಯಲ್ಲಿ ಕೂರಿಸಿ, ಬೈಬಲಿನ ಅಧ್ಯಾಯಗಳನ್ನು ನಕಲು ಮಾಡಿಸಿ ಅಕ್ಷರ ತಿದ್ದಿಸಿದವಳು. ‘ವಾಚ್‌ಮನ್’ನಲ್ಲಿ ಅವಳ ಮೊಮ್ಮಗನ ಕಾರಿಗೆ ಸಿಕ್ಕಿ ಕುಡಿದಿದ್ದ ಬಿಳಿಯನೊಬ್ಬ ಸತ್ತಿದ್ದಾನೆ. ಆಟಿಕಸ್ ಆ ಕೇಸನ್ನು ವಹಿಸಿಕೊಳ್ಳುತ್ತಾನೆ, ಆದರೆ ಹುಡುಗನ ಮೇಲಿನ ಮಮತೆಯಿಂದಲ್ಲ; ಕರಿಯರ ಹಕ್ಕಿನ ಸಂಘಟನೆಯ ವಕೀಲರು ಊರಿಗೆ ಕಾಲಿಡದಿರಲಿ ಎಂದು. ಇದನ್ನು ತಿಳಿದ ಜೀನ್ ಲೂಯಿಸ್ ಅವಳನ್ನು ಕಾಣಲು ಹೋಗುತ್ತಾಳೆ. ಮುದುಕಿ ಅವಳನ್ನು ಮರ್ಯಾದೆಯಿಂದ ಕೂರಿಸಿ, ಹೊರಗಿನ ಬಿಳಿಯರು ಮನೆಗೆ ಬಂದರೆ ಹೇಗೋ ಹಾಗೆ, ತಗ್ಗಿದ ದನಿಯಲ್ಲಿ, ಬೇಕೆಂದೇ ಕೆಡಿಸಿದ ವ್ಯಾಕರಣದಲ್ಲಿ ಮಾತಾಡುತ್ತಾಳೆ. ಹೊರಡುವ ಹೊತ್ತಿಗೆ ಹುಡುಗಿ, ನಮ್ಮನ್ನು ದ್ವೇಷಿಸುತ್ತಿದ್ದೆಯಾ ಎಂದು ಕೇಳುತ್ತಾಳೆ. ಎಷ್ಟೋ ಹೊತ್ತು ಸುಮ್ಮನಿದ್ದು ಕ್ಯಾಲ್‌ಪರ್ನಿಯಾ ಇಲ್ಲವೆಂದು ತಲೆಯಾಡಿಸುತ್ತಾಳೆ.

ಸಂಪಾದಕರೇ, ಇಲ್ಲಿ ಒಂದು ಸ್ವಂತದ ಸಂಗತಿಯನ್ನು ಹೇಳದೆ ನನ್ನ ವಾದ ನಿಲ್ಲುವುದಿಲ್ಲ. ಪತ್ರಿಕೆಗೆ ಬರೆಯಬಹುದೇ ಎಂದು ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಅಪ್ಪಯ್ಯ ಬ್ರಹ್ಮಾವರದ ಕಡೆಯ ಹಳ್ಳಿಯೊಂದರಲ್ಲಿ ಶಾಲೆಯ ಹೆಡ್‌ಮಾಸ್ತರರು. ಸಂಜೆಯಾದರೆ ನಮ್ಮ ಜಗಲಿಯಲ್ಲಿ ಅರ್ಜಿ ಬರೆಸಿಕೊಳ್ಳುವವರ ಸಾಲು. ಒಂದು ಪೈಸೆ ಮುಟ್ಟದೆ ಎಲ್ಲರಿಗೂ ಬರೆದುಕೊಡುತ್ತಿದ್ದರು. ಹೊಲೆಯರ ಕೇರಿಯ ಮಕ್ಕಳನ್ನು ತರಗತಿಯ ಒಳಗೆ, ಉಳಿದವರ ಜೊತೆಯಲ್ಲಿ ಕೂರಿಸಿದ್ದಕ್ಕೆ ಊರಿನವರು ಆಡಿದ ಮಾತುಗಳನ್ನು ತಾಳಿಕೊಂಡವರು. ಆಟಿಕಸ್ ಫಿಂಚ್‌ನನ್ನು ಮೊದಲ ಸಲ ಓದಿದಾಗ ನನಗೆ ಹೊಸ ಪರಿಚಯವೆಂದು ಅನ್ನಿಸಲಿಲ್ಲ. ಅಪ್ಪಯ್ಯನ ಹೆಸರಿನಲ್ಲಿ ಎರಡು ಗದ್ದೆಗಳಿದ್ದವು, ಚಾಲಗೇಣಿಗೆ, ಅಂದರೆ ಒಡೆಯರು ಬೇಕೆಂದಾಗ ಬಿಡಿಸಬಹುದಾದ ಗೇಣಿಗೆ, ಕೊಟ್ಟದ್ದು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ನಮ್ಮ ಒಕ್ಕಲು, ತಾವು ಉಳುವ ಗದ್ದೆ ತಮಗೇ ಸೇರಬೇಕೆಂದು ಡಿಕ್ಲರೇಶನ್ ಹಾಕಿದರು. ಅವರ ಹೆಂಡತಿ ನಮ್ಮ ಮನೆಯ ಅಂಗಳ ಗುಡಿಸಿ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದವರು. ಆ ದಂಪತಿಯ ಪೂರ್ತಿ ಹೆಸರುಗಳು ನನಗೆ ತಿಳಿದದ್ದು ಭೂನ್ಯಾಯ ಮಂಡಳಿಯ ನೋಟಿಸಿನಿಂದ. ಅಲ್ಲಿಯವರೆಗೆ ಒಂದು ಕರೆಯುವ ಹೆಸರು, ಅದೂ ಏಕವಚನದಲ್ಲಿ.

ಅಪ್ಪಯ್ಯ ಮಂಡಳಿಗೆ ಕೊಟ್ಟ ಹೇಳಿಕೆಯಲ್ಲಿ, ಆತ ಗೇಣಿದಾರನೇ ಅಲ್ಲ, ದಿನಗೂಲಿಗೆ ಬರುತ್ತಿದ್ದ ಆಳು ಎಂದಿತ್ತು. ಅದರ ಶುದ್ಧಪ್ರತಿ ಮಾಡಿದವಳು ನಾನು. ನನಗೆ ಆಗ ಹದಿನೇಳು, ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೊಗಳುತ್ತಿದ್ದರು, ಆ ಅಕ್ಷರವನ್ನು ತಿದ್ದಿಸಿದವರು ಅಪ್ಪಯ್ಯನೇ. ನಾನು ಕೂತು ಬರೆದ ಚಾವಡಿಯ ಮೂಲೆಯಲ್ಲಿ ಆ ವರ್ಷ ಒಕ್ಕಲು ತಂದು ಹಾಕಿದ್ದ ಗೇಣಿ ಅಕ್ಕಿಯ ಮುಡಿಗಳು, ಒಂದರ ಮೇಲೊಂದು, ಹಾಗೆಯೇ ಇದ್ದವು. ಮರುದಿನ ಬೆಳಿಗ್ಗೆ ಒಕ್ಕಲಿನ ಹೆಂಡತಿ ಎಂದಿನಂತೆ ಅಂಗಳ ಗುಡಿಸಲು ಬಂದರು. ಜಗಲಿಯ ಮೂಲೆಯಲ್ಲಿ ಬೋರಲು ಹಾಕಿಟ್ಟಿದ್ದ ತಮ್ಮ ಗಾಜಿನ ಲೋಟವನ್ನು ತಾವೇ ತೊಳೆದು ಹಿಡಿದರು, ನಾನು ಮೇಲಿನಿಂದ ಚಹಾ ಹೊಯ್ದೆ. ಹುಟ್ಟಿದಂದಿನಿಂದ ನನ್ನನ್ನು “ಮಗಾ” ಎಂದು ಕರೆಯುತ್ತಿದ್ದವರು ಅಂದು “ಸಾಕಮ್ಮಾ” ಎಂದರು. ಆ ದಿನದಿಂದ ಕೊನೆಯವರೆಗೂ ನಾನು ಅವರಿಗೆ ‘ಅಮ್ಮ’. ತೀರ್ಪು ಒಕ್ಕಲಿನ ಪರವಾಗಿ ಆಯಿತು. ಅಪ್ಪಯ್ಯ ಆ ವಿಷಯವನ್ನು ಮತ್ತೆ ಎತ್ತಲಿಲ್ಲ, ಜಗಲಿಯಲ್ಲಿ ಅರ್ಜಿ ಬರೆದುಕೊಡುವುದನ್ನು ಬಿಡಲೂ ಇಲ್ಲ.

ನಲವತ್ತು ವರ್ಷ ನಾನು ಈ ಬೆಳಗನ್ನು ನೆನೆದವಳೇ ಅಲ್ಲ. ಕ್ಯಾಲ್‌ಪರ್ನಿಯಾಳ ಮನೆಯ ಆ ಪುಟಗಳು ಅದನ್ನು ಎತ್ತಿ ತಂದು ಎದುರಿಗಿಟ್ಟವು. ಹಳೆಯ ಪುಸ್ತಕವನ್ನು ಮತ್ತೆ ಬಿಡಿಸಿ ನೋಡಿದರೆ, ಅಲ್ಲಿಯೂ ಅವಳ ಎರಡು ಬದುಕು ಕಾಣುವಂತೆಯೇ ಇತ್ತು. ಹನ್ನೆರಡನೆಯ ಅಧ್ಯಾಯದಲ್ಲಿ ಅವಳು ಮಕ್ಕಳನ್ನು ತನ್ನ ಇಗರ್ಜಿಗೆ ಕರೆದುಕೊಂಡು ಹೋದಾಗ, ಅವಳು ತನ್ನವರ ನಡುವೆ ಬೇರೆಯೇ ಭಾಷೆ ಆಡುವುದನ್ನು ಕೇಳಿ ಹುಡುಗಿಗೆ ಅಚ್ಚರಿಯಾಗುತ್ತದೆ. ನಮ್ಮ ಮನೆಯ ಹೊರಗೆ ಇವಳಿಗೆ ಇನ್ನೊಂದು ಜೀವನವಿದೆ ಎಂದು ಆಗ ಮಾತ್ರ ಹೊಳೆಯುತ್ತದೆ. ಆ ಪುಟದ ಅಂಚಿನಲ್ಲಿ ನನ್ನ ಟಿಪ್ಪಣಿ ಒಂದೇ: “ಹಾಸ್ಯ. ಬೇಗ ಓದಿ ಮುಗಿಸುವುದು.” ಕೋರ್ಟಿನ ಅಧ್ಯಾಯಗಳಿಗೆ ಸಮಯ ಸಾಲದೆಂದು ಮೂವತ್ತು ವರ್ಷ ಅದನ್ನು ಓಡಿಸಿಕೊಂಡು ಹೋಗಿದ್ದೆ. ‘ವಾಚ್‌ಮನ್’ ನನ್ನ ಆಟಿಕಸ್‌ನನ್ನು ಹಾಳು ಮಾಡಿತೋ ಇಲ್ಲವೋ, ನನ್ನ ಪಾಠ ಎಲ್ಲಿ ಹಾಳಾಗಿತ್ತು ಎಂಬುದನ್ನಂತೂ ಬೆರಳಿಟ್ಟು ತೋರಿಸಿತು. ನಿವೃತ್ತಿಯ ಮುಂಚಿನ ಆ ಕೊನೆಯ ವರ್ಷ ಶನಿವಾರದ ಓದನ್ನು ಹನ್ನೆರಡನೆಯ ಅಧ್ಯಾಯದಿಂದ ಆರಂಭಿಸಿದೆ.

ಮೆಚ್ಚಿದ ಕತೆಯ ಮುಂದೇನಾಯಿತು ಎಂದು ಕೇಳಲು ಅಂಜುವುದು ನಮಗೂ ಹೊಸತಲ್ಲ. ಉತ್ತರಕಾಂಡಕ್ಕಿಂತ ದೊಡ್ಡ ‘ಮುಂದುವರಿದ ಭಾಗ’ ಯಾವುದಿದೆ? ಪಟ್ಟಾಭಿಷೇಕಕ್ಕೆ ಮಂಗಳ ಹಾಡಿ ಗ್ರಂಥ ಕಟ್ಟಿಡುವವರು ಎಷ್ಟೋ ಮಂದಿ. ತೊರವೆ ರಾಮಾಯಣವೂ ಅಲ್ಲಿಗೇ ನಿಲ್ಲುತ್ತದೆ. ತುಂಬು ಬಸುರಿಯನ್ನು ಕಾಡಿಗೆ ಕಳಿಸಿದ ರಾಮನನ್ನು ನೋಡುವುದು ಯಾರಿಗೂ ಹಿತವಲ್ಲ. ಆದರೂ ನಮ್ಮದೇ ಜಿಲ್ಲೆಯ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಉಡುಪಿಯಲ್ಲಿ ಅಧ್ಯಾಪಕನಾಗಿದ್ದುಕೊಂಡು ಬರೆದದ್ದು ಪಟ್ಟಾಭಿಷೇಕದ ನಂತರದ ಕತೆಯನ್ನೇ. ‘ಶ್ರೀರಾಮಾಶ್ವಮೇಧ’ದಲ್ಲಿ ಮನೋರಮೆ ಸುಮ್ಮನೆ ಕೇಳುವವಳಲ್ಲ, ನಡುನಡುವೆ ತಡೆದು, ಆಕ್ಷೇಪಿಸಿ, ಕೆಣಕಿ ಕತೆ ಹೇಳಿಸಿಕೊಳ್ಳುತ್ತಾಳೆ. ಮುಂದಿನ ಭಾಗವನ್ನು ಕೇಳುವ ಕ್ರಮ ಅದು ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು ಸ್ವಾರಸ್ಯವೆಂದರೆ, ಆ ಕೃತಿಯೂ ‘ದೊರೆತ ಹಸ್ತಪ್ರತಿ’ಯ ವೇಷದಲ್ಲಿಯೇ ಹೊರಬಂದದ್ದು. ಸಂಕೋಚದ ಮನುಷ್ಯನಾದ ಮುದ್ದಣ, ತಾನು ಬರೆದದ್ದೆನ್ನದೆ, ಯಾರೋ ಹಳೆಯ ಕವಿಯದು ಎಂಬಂತೆ ಅದನ್ನು ಮೈಸೂರಿಗೆ ಕಳಿಸಿಕೊಟ್ಟಿದ್ದ. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ. ಬರೆದವನು ಯಾರು, ಯಾವಾಗ ಎಂಬುದು ತಿಳಿದ ಮೇಲೆ ನಾವು ಅದನ್ನು ಓದುವ ರೀತಿಯೇ ಬದಲಾಯಿತಲ್ಲವೇ?

ವೇಷವಿಲ್ಲದೆ ಕೂತು, ಪದ್ಯಕ್ಕೆ ಪಾತ್ರದ ಮಾತನ್ನು, ಅಂದರೆ ‘ಅರ್ಥ’ವನ್ನು, ತಾವೇ ಕಟ್ಟಿ ಹೇಳುವ ತಾಳಮದ್ದಲೆ ಕೇಳಿ ಬೆಳೆದವರಿಗೆ ಒಂದೇ ಪಾತ್ರ ಎರಡಾಗುವುದು ದೊಡ್ಡ ಸಂಗತಿಯೇ ಅಲ್ಲ. ಭಾಗವತರ ಪದ್ಯ ಅದೇ, ಪ್ರಸಂಗ ಅದೇ ವಾಲಿವಧೆ; ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಾಣ ನಾಟಿಸಿಕೊಂಡು ಬಿದ್ದಲ್ಲಿಂದಲೇ ಕೇಳುವ ಪ್ರಶ್ನೆಗಳಿಗೆ ರಾಮನ ಅರ್ಥ ಹೇಳುವವರು ಬೆವರಬೇಕಿತ್ತು. ಮರುವಾರ ಇನ್ನೊಬ್ಬರ ವಾಲಿ ಶರಣಾಗಿಯೇ ಸಾಯುತ್ತಿದ್ದ. ಹಿಂದಿನ ವಾರದ ವಾಲಿಯನ್ನು ಯಾರೋ ಹಾಳು ಮಾಡಿದರೆಂದು ಕೇಳುಗರು ಮನೆಗೆ ಹೋಗಿ ಅಳುತ್ತಿರಲಿಲ್ಲ, ಎರಡನ್ನೂ ಇಟ್ಟುಕೊಂಡು ಚಹಾದಂಗಡಿಯಲ್ಲಿ ಕೂತು ಜಗಳವಾಡುತ್ತಿದ್ದರು. ನನ್ನ ವಕೀಲ ಶಿಷ್ಯನಿಗೆ ಈ ಮಾತು ಹೇಳಿದಾಗ ಅವನು ಒಂದು ಒಳ್ಳೆಯ ಆಕ್ಷೇಪ ಎತ್ತಿದ. “ತಾಳಮದ್ದಲೆಯ ಹ್ಯಾಂಡ್‌ಬಿಲ್ಲಿನಲ್ಲಿ ವಾಲಿಯ ಅರ್ಥ ಯಾರದು ಎಂದು ಮೊದಲೇ ಅಚ್ಚಾಗಿರುತ್ತದೆ ಮೇಡಂ. ನನಗೆ ಮಾರಿದ ಪುಸ್ತಕದ ಮೇಲೆ ಏನು ಅಚ್ಚಾಗಿತ್ತು?”

ಅವನ ಮಾತು ಸರಿ. ನಾನು ಪುಸ್ತಕ ತರಿಸಿದ ಅಂಗಡಿಯಲ್ಲಿ ಅದರ ಪಕ್ಕಕ್ಕೆ ನಿಲ್ಲಿಸಿದ್ದ ಫಲಕದ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು ‘ಸೀಕ್ವೆಲ್’ ಎಂಬ ಪದ. 1957ರ ಹಸ್ತಪ್ರತಿ ಎಂಬ ಮಾತು ಅದರ ಮೇಲೆ ಇರಲಿಲ್ಲ. ಅಂಗಡಿಯವರನ್ನು ಕೇಳಿದರೆ, “ನಮಗೆ ಹಾಗೆಂದೇ ಬಂದಿದೆ” ಎಂದರು, ಅವರದು ತಪ್ಪಲ್ಲ. ಓದುಗರ ಸಿಟ್ಟಿನಲ್ಲಿ ಅರ್ಧದಷ್ಟು ಆಟಿಕಸ್‌ಗೆ ಸಲ್ಲಬೇಕಾದದ್ದೇ ಅಲ್ಲ, ಆ ಫಲಕಕ್ಕೆ ಸಲ್ಲಬೇಕಾದದ್ದು. ನಿಜವಾದ ಮುಂದಿನ ಭಾಗದ ನಡೆಯೇ ಬೇರೆ. ಬಂಗಾಳಿಯ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು 1929ರ ‘ಪಥೇರ್ ಪಾಂಚಾಲಿ’ಯ ಅಪುವನ್ನು ‘ಅಪರಾಜಿತೊ’ದಲ್ಲಿ ಬೆಳೆಸಿದಾಗ, ಅವನು ಅಪ್ಪನಾಗಿ ಮಗನನ್ನು ಊರಿಗೆ ಕರೆತರುವುದನ್ನು ನೋಡುವ ನಮಗೆ, ಅವನ ಜೊತೆ ನಾವೂ ದೊಡ್ಡವರಾದಂತೆ ಅನಿಸುತ್ತದೆ, ಮೋಸ ಹೋದಂತಲ್ಲ. ಹೆಸರು ಸರಿಯಾಗಿ ಹಾಕದ ಮುಂದಿನ ಭಾಗದ ಸಂಕಟ ಸ್ಪೇನಿನ ಲೇಖಕ ಸರ್ವಾಂಟಿಸ್‌ಗೂ ಗೊತ್ತಿತ್ತು. 1605ರ ‘ಡಾನ್ ಕಿಹೋಟೆ’ಗೆ 1614ರಲ್ಲಿ ಬೇರೆ ಯಾರೋ ಎರಡನೆಯ ಭಾಗ ಬರೆದು ಅಚ್ಚು ಹಾಕಿಸಿದರು, ಅದರಲ್ಲಿ ನಾಯಕ ಸರಗೋಸ ಎಂಬ ಊರಿಗೆ ಹೋಗುತ್ತಾನೆ. ಮರುವರ್ಷ ತನ್ನ ಎರಡನೆಯ ಭಾಗವನ್ನು ಹೊರತಂದ ಸರ್ವಾಂಟಿಸ್, ಬರೀ ಆ ಪುಸ್ತಕವನ್ನು ಸುಳ್ಳು ಮಾಡುವುದಕ್ಕಾಗಿಯೇ ತನ್ನ ನಾಯಕನನ್ನು ಸರಗೋಸದ ದಾರಿಯಿಂದ ತಿರುಗಿಸಿ ಬಾರ್ಸಿಲೋನಕ್ಕೆ ಕಳಿಸಿದ, ಕೊನೆಯಲ್ಲಿ ಇನ್ನಾರೂ ಎಬ್ಬಿಸದಂತೆ ಸಾಯಿಸಿಯೂ ಬಿಟ್ಟ.

ಈ ಕಾರಣದಿಂದ ತಮ್ಮಲ್ಲಿ ನನ್ನದು ಎರಡು ಕೋರಿಕೆ. ಲೇಖನದಲ್ಲಿ ಆದ ತಪ್ಪನ್ನು, ಅಂದರೆ ‘ವಾಚ್‌ಮನ್’ 1960ರ ನಂತರ ಬರೆದದ್ದೆಂಬ ಮಾತನ್ನು, ಮುಂದಿನ ಪುರವಣಿಯಲ್ಲಿ ತಿದ್ದಬೇಕು. ಹಾಗೆಯೇ ತಮ್ಮ ಪುಸ್ತಕ ಪರಿಚಯದ ಅಂಕಣದಲ್ಲಿ ಪುಟ, ಬೆಲೆ, ಪ್ರಕಾಶಕರ ವಿಳಾಸಗಳ ಜೊತೆಗೆ, ಮುಂದಿನ ಭಾಗವೆಂದೋ ಅಪ್ರಕಟಿತ ಕೃತಿಯೆಂದೋ ಬರುವ ಪುಸ್ತಕಗಳ ಮಟ್ಟಿಗಾದರೂ, ಅದನ್ನು ಬರೆದದ್ದು ಯಾವಾಗ, ಅಚ್ಚಿಗೆ ಕೊಟ್ಟವರು ಯಾರು, ಲೇಖಕರು ಅದನ್ನು ಮುಗಿದ ಕೃತಿಯೆಂದು ತಿಳಿದಿದ್ದರೇ ಎಂಬ ಒಂದು ಸಾಲು ಸೇರಿಸಬೇಕು. ಇದು ದೂರದ ಅಮೆರಿಕದ ಗೊಡವೆಯಲ್ಲ. ನಮ್ಮ ದೊಡ್ಡ ಲೇಖಕರ ಮನೆ ಅಟ್ಟಗಳಲ್ಲಿಯೂ ಹಳೆಯ ಕಟ್ಟುಗಳಿರಬಹುದು. ಕೋಡಿ ಕನ್ಯಾನದ ಮರಳಿನ ಮೇಲೆ ‘ಮರಳಿ ಮಣ್ಣಿಗೆ’ಯ ಮೂರು ತಲೆಮಾರುಗಳನ್ನು ಒಂದೇ ರಟ್ಟಿನೊಳಗೆ ಮುಗಿಸಿಕೊಟ್ಟ ಕಾರಂತರಿಗೆ ಮುಂದಿನ ಭಾಗದ ಹಂಗು ಬೀಳಲಿಲ್ಲ. ಆದರೂ ನಾಳೆ ಯಾರಾದರೂ ಆ ಕಾದಂಬರಿಯ ನಾಗವೇಣಿಯ ಮುಂದಿನ ಕತೆ ಸಿಕ್ಕಿದೆ ಎಂದು ಹೇಳಿದರೆ, ಉಡುಪಿಯ ರಥಬೀದಿಯಲ್ಲಿ ಸರತಿ ನಿಲ್ಲುವವರ ಪೈಕಿ ನಾನೇ ಮೊದಲಿಗಳಾಗಿರುತ್ತೇನೆ ಎಂಬುದೂ ಸುಳ್ಳಲ್ಲ. ಪುಸ್ತಕ ಕೈಗೆ ಬಂದಾಗ ನಾನು ಮೊದಲು ನೋಡುವುದು, ಇದನ್ನು ಯಾವ ವರ್ಷದಲ್ಲಿ ಬರೆದದ್ದು ಎಂದು ಎಲ್ಲಿಯಾದರೂ ನಮೂದಾಗಿದೆಯೇ ಎಂಬುದನ್ನು.

ನನ್ನ ಬಳಿಯ ‘ವಾಚ್‌ಮನ್’ ಪ್ರತಿಯ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿಸಿ, ಬರೆದದ್ದು 1957ರ ಹೊತ್ತಿಗೆ, ಅಚ್ಚಾದದ್ದು 2015, ‘ಮಾಕಿಂಗ್‌ಬರ್ಡ್’ ಓದಿದ ಮೇಲೆ ಓದುವುದು, ಓದಿ ಮುಗಿಸಿದ ಮೇಲೆ ಅದರ ಹನ್ನೆರಡನೆಯ ಅಧ್ಯಾಯವನ್ನು ಮತ್ತೆ ಓದುವುದು ಎಂದು ಬರೆದಿಟ್ಟಿದ್ದೆ. ಓದಬೇಡಿ ಎಂದು ಫೋನು ಮಾಡಿದ್ದ ವಕೀಲ ಮೊನ್ನೆ ಮನೆಗೆ ಬಂದಾಗ ಆ ಚೀಟಿಯನ್ನು ಎರಡು ಸಲ ಓದಿ, ತನ್ನ ಪ್ರತಿಯನ್ನು ಆಗಲೇ ಯಾರಿಗೋ ದಾಟಿಸಿದ್ದೇನೆಂದು ಹೇಳಿ, ಎರಡೂ ಪುಸ್ತಕಗಳನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿದ್ದಾನೆ. ಮಳೆಗಾಲ ಮುಗಿಯುವುದರೊಳಗೆ ತಂದುಕೊಡುತ್ತಾನಂತೆ.

ಇತಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ,
ಕುಂಜಿಬೆಟ್ಟು, ಉಡುಪಿ